ಮಾಸ್ತರ ಮನೆಯ ಮದುವೆ ರೀಲು

ಮಣ್ಣು ಕೊಟ್ಟು ಬಂದದ್ದಾಗಿತ್ತು. ನೆಂಟರು ಒಬ್ಬೊಬ್ಬರಾಗಿ ಬಸ್ಸು ಹಿಡಿದದ್ದೂ ಆಗಿತ್ತು. ಆಮೇಲಿನ ಮೊದಲ ಬೆಳಗು ಉಳಿದೆಲ್ಲ ಬೆಳಗುಗಳ ಹಾಗೆಯೇ ಬಂತು. ಹಾಲಿನವಳು ಬಂದಳು, ನಳಕ್ಕೆ ನೀರು ಬಂತು, ಲಕಮನಹಳ್ಳಿಯ ಕಡೆ ಕೆಲಸಕ್ಕೆ ಹೋಗುವವರ ಸೈಕಲ್ಲುಗಳು ಮನೆಯ ಮುಂದೆ ಗಂಟೆ ಬಾರಿಸುತ್ತ ಹಾದುಹೋದವು. ಶೇವಂತಿ ನೀರು ತುಂಬಿದಳು, ಅಂಗಳ ಗುಡಿಸಿದಳು. ಅಳು ಬಂದೀತೆಂದು ಕಾದಳು, ಬರಲಿಲ್ಲ. ಕೈಕಾಲುಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಅವಳು ದೂರದಲ್ಲೆಲ್ಲೋ ನಿಂತು ಅವನ್ನು ನೋಡುತ್ತಿದ್ದ ಹಾಗಿತ್ತು.

ನಡುಮನೆಗೆ ಹತ್ತಿದ ಸಣ್ಣ ಕೋಣೆಯ ಕಿಟಕಿಗೆ ಗಂಡ ಅರ್ಜುನಪ್ಪ ಯಾವಾಗಲೂ ಒಂದು ಕರಿ ಕಂಬಳಿ ಹೊಡೆದಿರುತ್ತಿದ್ದ. ಮಾತಾಡಿಸಲು ಬಂದವರಿಗೆ ಹಾಸುವುದಕ್ಕೆಂದು ಯಾರೋ ಅದನ್ನು ಕಿತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಕೋಣೆಯಲ್ಲಿ ಬಿಸಿಲನ್ನೇ ಕಾಣದ ಶೇವಂತಿ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ, ಹಗ್ಗದ ತುಂಬ ಬಟ್ಟೆ ಸಿಕ್ಕಿಸುವ ಕ್ಲಿಪ್ಪುಗಳು, ಕೆಳಗೆ ಹಳೆಯ ಧೋತರ ಹಾಸಿದ ಬುಟ್ಟಿ. ಎಲ್ಲವೂ ಬೆಳಕಿನಲ್ಲಿ ಸಣ್ಣವಾಗಿ ಕಂಡವು. ಅವಳು ಕಂಬಳಿಯನ್ನು ಕೊಡವಿ ಮತ್ತೆ ಕಿಟಕಿಗೆ ಹೊಡೆದಳು.

ಅಷ್ಟರಲ್ಲಿ ಪೋಸ್ಟಮ್ಯಾನ ಉಡಚಪ್ಪ ಬಂದ. ಕೈಯಲ್ಲಿ ಮುಂಬಯಿಯಿಂದ ಬಂದ ಪಾರ್ಸಲು. ಮೇಲೆ ಬರೆದ ಹೆಸರನ್ನು ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿಬಿಟ್ಟ, "ಅರ್ಜುನಪ್ಪ," ಎಂದು. ಓದಿದ ಮೇಲೆ ನಾಲಗೆ ಕಚ್ಚಿಕೊಂಡ.

"ತಪ್ಪಾತ್ರಿ ಅಕ್ಕಾರ."

"ಹೆಸರು ಅದ ಅಲ್ಲೇನು," ಎಂದು ಶೇವಂತಿ ಸಹಿ ಹಾಕಿ ಪಾರ್ಸಲು ತೆಗೆದುಕೊಂಡಳು.

ಅರ್ಜುನಪ್ಪನದು ಧಾರವಾಡದ ಲೈನ್ ಬಜಾರದಲ್ಲಿ ಒಂದು ಫೋಟೋ ಅಂಗಡಿ. ಮುಂಬಯಿಯಲ್ಲಿ ಯಾರೋ ಬಳಸಿ ಬಿಟ್ಟ ಚಾವಿ ಕೊಟ್ಟು ನಡೆಸುವ ಸಣ್ಣ ಸಿನೆಮಾ ಕ್ಯಾಮರಾ ಒಂದನ್ನು ತಂದುಕೊಂಡ ಮೇಲೆ ಮದುವೆ, ಸಭೆ, ಕಟ್ಟಡಗಳ ಉದ್ಘಾಟನೆ ಎಲ್ಲದಕ್ಕೂ ಕರೆ ಬರತೊಡಗಿದ್ದವು. ತೆಗೆದ ರೀಲು ಟಪಾಲಿನಲ್ಲಿ ಮುಂಬಯಿಗೆ ಹೋಗಿ, ತೊಳೆಸಿಕೊಂಡು ಮರಳಿ ಬರುತ್ತಿತ್ತು. ಬಂದ ರೀಲನ್ನು ಆ ಕತ್ತಲೆ ಕೋಣೆಯಲ್ಲಿ ಕತ್ತರಿಸಿ, ಬೇಡವಾದದ್ದನ್ನು ತೆಗೆದು, ಬೇಕಾದದ್ದನ್ನು ಒಂದಕ್ಕೊಂದು ಅಂಟಿಸಿ, ನೋಡುವಂಥದೊಂದು ಸಿನೆಮಾ ಮಾಡಿ ಗಿರಾಕಿಗೆ ಒಪ್ಪಿಸುತ್ತಿದ್ದ. ಶೇವಂತಿ ಇತಿಹಾಸದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿದ್ದವಳು. ಸಂಜೆ ಅವನ ಮಗ್ಗುಲಿಗೆ ಕುಳಿತು ತುಣುಕುಗಳನ್ನು ಎತ್ತಿಕೊಡುತ್ತಿದ್ದಳು. ಕತ್ತರಿ ಹಾಕಿದವಳಲ್ಲ. ಈ ಬಗೆಯ ಫಿಲ್ಮಿಗೆ ಬೇರೆ ನೆಗೆಟಿವ್ ಇರುವುದಿಲ್ಲ. ಕ್ಯಾಮರಾದೊಳಗೆ ಹೋಗಿ ಬಂದದ್ದೇ ತೆರೆಯ ಮೇಲೂ ಓಡಬೇಕು. ತಪ್ಪಿ ಕತ್ತರಿಸಿದರೆ ತಪ್ಪಿದ್ದೇ.

ಕಾಮಾಲೆ ಅವನನ್ನು ಹದಿನೈದು ದಿನವೂ ಇರಗೊಡಲಿಲ್ಲ.

ಮಧ್ಯಾಹ್ನ ಹುಬ್ಬಳ್ಳಿಯಿಂದ ಹನುಮಪ್ಪ ಮಾಸ್ತರು ಮಾತಾಡಿಸಲು ಬಂದರು. ಪಾರ್ಸಲಿನಲ್ಲಿದ್ದದ್ದು ಅವರ ಮಗಳ ಮದುವೆಯ ರೀಲುಗಳು. ಶಾಲೆಯೊಂದರ ಹೆಡ್‌ಮಾಸ್ತರು, ಮಾತು ತೂಗಿ ಆಡುವವರು. ಅರ್ಜುನಪ್ಪನ ತಾಯಿ ಈರವ್ವನ ಎದುರು ತಲೆ ತಗ್ಗಿಸಿ ಕುಳಿತಿದ್ದು, ಕೊನೆಗೆ ಸೊಸೆಯ ಕಡೆ ನೋಡಿದರು.

"ತಂಗಿ, ಈ ಹೊತ್ತಿನ್ಯಾಗ ಕೇಳಬಾರದು."

"ಕೇಳ್ರಿ ಮಾಸ್ತರ್ರ."

"ಮುಂಬಯಿಂದ ರೀಲು ಬಂದ್ವೇನು?"

"ಇವತ್ತ ಬಂದ್ವು."

"ನಮ್ಮವ್ವ ಸೊಂಟಾ ಮುರಕೊಂಡು ಹಾಸಿಗಿ ಹಿಡದಾಳ, ನಿಮಗ ಗೊತ್ತೈತಿ. ಮೊಮ್ಮಗಳ ಮದವಿ ಆಕಿ ಕಣ್ಣೀಲೆ ನೋಡ್ಲಿಲ್ಲ. ಆಕಿ ಸಲುವಾಗೇ ಈ ರೀಲು ಮಾಡಿಸಿದ್ದು. ದಿನಾ ಕೇಳತಾಳ. ನೀವು ಹೂಂ ಅಂದ್ರ ಯಾರರ ಬಲ್ಲವರ ಕಡೆ ಕೊಟ್ಟು..."

"ನಾ ಮಾಡತೇನಿ," ಅಂದಳು ಶೇವಂತಿ.

ಮಾತು ತನ್ನ ಬಾಯಿಂದಲೇ ಬಂತೆಂದು ಅವಳಿಗೆ ಒಂದು ಕ್ಷಣ ತಡವಾಗಿ ತಿಳಿಯಿತು. ಮಾಸ್ತರು ಈರವ್ವನ ಮುಖ ನೋಡಿದರು.

"ಮಾಡ್ತಾಳ ಬಿಡ್ರಿ," ಅಂದಳು ಈರವ್ವ. "ಅವನ ಬಾಜೂಕ ಕುಂತು ಕುಂತು ಕಲತಾಳ. ಅವ ತಪ್ಪಿದ್ರ ಇಕಿ ಬೈತಿದ್ಲು. ಬೈಸಿಕೊಂಡು ನಗತಿದ್ದ ಭಾಡ್ಯಾ." ಸೆರಗಿನಿಂದ ಮೂಗು ಒರಸಿಕೊಂಡಳು.

ಮಾಸ್ತರು ಹೊರಡಲು ಎದ್ದು, ಚಪ್ಪಲಿ ಮೆಟ್ಟಿ, ಮತ್ತೆ ನಿಂತರು. "ಒಂದ ಮಾತು. ನಮ್ಮಣ್ಣ ಮೈಲಾರಪ್ಪ ಅದರಾಗ ಎಲ್ಯಾರ ಬಂದಿದ್ರ ತಗದ ಬಿಡ್ರಿ."

"ಬಂದಿದ್ರೇನು ಅವರು?"

"ಬಾಗಲತನಾ ಬಂದಿದ್ದ. ಹಣಿ ತುಂಬ ಭಂಡಾರ ಬಡಕೊಂಡು, ನನ್ನ ಮಂದಿ ಎಲ್ಲಾ ನೋಡ್ಲಿ ಅಂತ. ತೋರಿಸಿ ಹೊಳ್ಳಿ ಹೋದ. ಒಂದು ಗುಟುಕು ನೀರು ಸೈತ ಕುಡೀಲಿಲ್ಲ. ಅಂಥಾವ ಬಂದಂಗೇನು?"

ಈ ಅಣ್ಣತಮ್ಮಂದಿರ ಸಂಗತಿ ಕೇರಿಗೆಲ್ಲ ಗೊತ್ತಿದ್ದದ್ದೇ. ಧಮ್ಮದೀಕ್ಷೆ ತೆಗೆದುಕೊಂಡು ಬೌದ್ಧರಾದ ವರ್ಷ ಹನುಮಪ್ಪ ಮಾಸ್ತರು ಜಗಲಿಯ ಮೇಲಿನ ಮನೆದೇವರುಗಳನ್ನು ಇಳಿಸಿದ್ದರು. ಹಣೆಗೆ ಭಂಡಾರದ ಅರಿಷಿಣ ಹಚ್ಚುತ್ತ ಮೈಲಾರ ದೇವರ ಒಕ್ಕಲಾಗಿಯೇ ಉಳಿದ ಅಣ್ಣ ಏನೂ ಜಗಳಾಡದೆ, ತನ್ನ ರುಮಾಲು ಬಿಚ್ಚಿ, ದೇವರುಗಳನ್ನು ಅದರಲ್ಲಿ ಕಟ್ಟಿಕೊಂಡು, ಬರಿದಲೆಯಲ್ಲಿ ಮನೆ ಬಿಟ್ಟು ನವಲಗುಂದದ ಕಡೆಯ ಹೊಲಮನೆಗೆ ಹೋಗಿದ್ದ. ಅಂದಿನಿಂದ ಇಬ್ಬರಲ್ಲೂ ಮಾತಿಲ್ಲ. ತಾಯಿ ಅಕ್ಕವ್ವ ತಮ್ಮನ ಮನೆಯಲ್ಲಿದ್ದಳು.

ಯಾರು ಯಾರೆಂದು ತಿಳಿಯದೆ ಮದುವೆಯ ರೀಲು ಕತ್ತರಿಸಲಾಗದು. ಗಿರಾಕಿಯ ಮನೆಗೊಮ್ಮೆ ಹೋಗಿ ಕೇಳಿಕೊಂಡು ಬರುವುದು ಅರ್ಜುನಪ್ಪನ ಪದ್ಧತಿ. ಶೇವಂತಿ ಹುಬ್ಬಳ್ಳಿ ಬಸ್ಸು ಹಿಡಿದಳು. ಮಾಸ್ತರ ಹೆಂಡತಿ ಉಡಚವ್ವ ತೋರಿಸಬೇಕಾದವರ ಹೆಸರು ಹೇಳುತ್ತ ಹೋದಳು: ಶಿಕ್ಷಣ ಇಲಾಖೆಯ ಸಾಹೇಬರು, ಬೀಗರು, ಬೀಗರ ತಮ್ಮ, ರೈಲ್ವೆ ವರ್ಕಶಾಪಿನವರು, ಬಿಜಾಪುರದ ಮಾವ.

"ಇಷ್ಟು ಮಂದೀನ ಹಾಕಿದ್ರ ಮದುಮಗಳಿಗೆ ಜಾಗಾ ಎಲ್ಲೈತಿ ವೈನೀ?"

"ಆಕಿ ದಿನಾ ಮನ್ಯಾಗ ಇದ್ದಾಕಿ, ಆಕೀನ ಯಾರ ನೋಡ್ತಾರ? ಊಟದ ಸಾಲಿನ್ಯಾಗ ಒಬ್ಬರ ಎಲಿ ಬಿಟ್ಟು ಮುಂದ ಬಡಸಾಕ ಬರತೈತೇನು? ಹಂಗ ಇದು. ಬಂದವರು ಎಲ್ಲಾರೂ ಕಾಣಬೇಕು."

ಒಳಕೋಣೆಯಿಂದ ಅಕ್ಕವ್ವ ಕರೆದಳು. ಹೋಗಿ ನೋಡಿದರೆ ಮಂಚದ ಮೇಲೆ ಒಂದು ಹಿಡಿ ದೇಹ, ಮುಖದಲ್ಲಿ ಕಣ್ಣು ಮಾತ್ರ ದೊಡ್ಡವು. ಮುದುಕಿ ಶೇವಂತಿಯ ಕೈ ಹಿಡಿದು, ಬಳೆಯಿಲ್ಲದ ಮಣಿಕಟ್ಟನ್ನು ಒಮ್ಮೆ ಸವರಿದಳು.

"ಯವ್ವಾ, ಅವರೆಲ್ಲಾ ಏನೇನರ ಹಾಕಿಸಿಕೊಳ್ಳಲಿ. ಮೈಲಾರ್ಯಾ ಬಂದಿದ್ದ ಅಂತ ಕೆಲವರು ಹೇಳತಾರ. ಬಂದಿಲ್ಲಂತ ಕೆಲವರು. ನನ್ನ ಸಮಾಧಾನಕ್ಕ ಯಾರು ಹೇಳತಾರ, ನನ್ನ ಬಾಯಿ ಮುಚ್ಚಸಾಕ ಯಾರು ಹೇಳತಾರ, ತಿಳೀವಲ್ದು. ಆ ಫೋಟೋ ತಗಿಯೂ ಪೆಟಿಗಿಗೆ ಯಾರ ಹಂಗೂ ಇಲ್ಲಲ್ಲ? ಅವ ಬಂದಿದ್ನೋ ಇಲ್ಲೋ, ನನಗ ಅಷ್ಟ ತೋರಸು. ನಾ ಇನ್ನ ಭಾಳ ದಿನಾ ಇರಾಕಿ ಅಲ್ಲ."

ಶೇವಂತಿ ಅವಳ ಹೊದಿಕೆ ಸರಿಪಡಿಸಿ ಹೊರಬಂದಳು. ಇತ್ತ ರೀಲು ಮಾಡಿಸಿದವರ ಮಾತು, ಅತ್ತ ಯಾರಿಗಾಗಿ ರೀಲು ಮಾಡಿಸಿದ್ದೋ ಅವಳ ಮಾತು. ಬಸ್ಸಿನಲ್ಲಿ ಬರುವಾಗ, ಬಹುಶಃ ಅವನು ಯಾವ ರೀಲಿನಲ್ಲೂ ಇರಲಿಕ್ಕಿಲ್ಲ, ಆಗ ತನಗೆ ಯಾವ ತೊಡಕೂ ಇಲ್ಲ ಎಂದುಕೊಂಡಳು.

ಕತ್ತಲೆ ಕೋಣೆಯ ಮೇಜಿನ ಮೇಲೆ ಎರಡು ವಸ್ತುಗಳಿದ್ದವು. ಒಂದು, ರೀಲು ಹಾಕಿ ಕೈಯಿಂದ ಹಿಡಿಕೆ ತಿರುಗಿಸಿದರೆ ವೀಳ್ಯದೆಲೆಯಷ್ಟಗಲದ ಗಾಜಿನ ಮೇಲೆ ಚಿತ್ರ ಓಡುವ ಪೆಟ್ಟಿಗೆ. ಇನ್ನೊಂದು ಫಿಲ್ಮು ಜೋಡಿಸುವ ಯಂತ್ರ, ಅಂಗೈ ಮೇಲೆ ಕೂರುವಷ್ಟು ಸಣ್ಣದು, ಕಬ್ಬಿಣದ್ದು. ಅದು ಅರ್ಜುನಪ್ಪನದಲ್ಲ. ಹಳೇ ಹುಬ್ಬಳ್ಳಿಯ ಯಾಕೂಬಸಾಬರದು. ಅವರು ಊರೂರಿಗೆ ಪ್ರೊಜೆಕ್ಟರು ಒಯ್ದು ಸಿನೆಮಾ ತೋರಿಸುವವರು. ಹರಿದ ಫಿಲ್ಮು ಅಂಟಿಸಲು ಅವರಿಗದು ದಿನಾ ಬೇಕು. ತನ್ನದೊಂದು ಬರುವ ತನಕ ಎಂದು ಅರ್ಜುನಪ್ಪ ಎರವಲು ತಂದಿದ್ದ. ಮಣ್ಣಿಗೆ ಬಂದ ದಿನ ಯಾಕೂಬಸಾಬರು ಅದರ ಸುದ್ದಿ ಎತ್ತಿರಲಿಲ್ಲ.

ಹಾಳು ಫಿಲ್ಮಿನ ಮೇಲೆ ಅವಳು ಮೊದಲು ಕೈ ಪಳಗಿಸಿಕೊಂಡಳು. ಯಂತ್ರದಲ್ಲಿ ಎರಡು ತುದಿ ಕೂರಿಸಿ ಕತ್ತರಿಸಬೇಕು. ಒಂದು ತುದಿಯ ಮೇಲಿನ ಚಿತ್ರದ ಪದರನ್ನು ಗಾಜಿನಷ್ಟು ತಿಳಿಯಾಗುವವರೆಗೆ ಕೆರೆಯಬೇಕು. ಕಡಿಮೆ ಕೆರೆದರೆ ಅಂಟು ಹಿಡಿಯದು, ಹೆಚ್ಚು ಕೆರೆದರೆ ಫಿಲ್ಮು ಸೀಳುತ್ತದೆ. ಆಮೇಲೆ ಅಂಟಿನ ಒಂದು ಹನಿ. ಕಳಿತ ಬಾಳೆಹಣ್ಣಿನ ವಾಸನೆ. ಒತ್ತಿ ಹಿಡಿದು ಕಾಯಬೇಕು. ಮೊದಲ ಜೋಡಣೆಗಳು ಎಳೆದ ಕೂಡಲೇ ಬಿಟ್ಟುಕೊಂಡವು. ನಂತರದವು ಬಿಡಲಿಲ್ಲ.

ಆಗ ಅವಳು ಮದುವೆಯ ಮೊದಲ ರೀಲನ್ನು ಪೆಟ್ಟಿಗೆಗೆ ಹಾಕಿ ಹಿಡಿಕೆ ತಿರುಗಿಸಿದಳು.

ಬಿಳಿ ಸೀರೆಯ ಮದುಮಗಳು, ಬಿಳಿ ಅಂಗಿಯ ಮದುಮಗ, ಹಿಂದೆ ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೋ. ಎಲ್ಲರೂ ಕೈಮುಗಿದು ತ್ರಿಶರಣ ಹೇಳುತ್ತಿದ್ದಾರೆ. ತುಟಿ ಬಿಟ್ಟರೆ ಯಾರೂ ಅಲುಗುತ್ತಿಲ್ಲ. ಆದರೂ ಚಿತ್ರ ಮೆಲ್ಲಗೆ ಮೇಲೇಳುತ್ತದೆ, ಮೆಲ್ಲಗೆ ಇಳಿಯುತ್ತದೆ. ಮತ್ತೆ ಏಳುತ್ತದೆ, ಇಳಿಯುತ್ತದೆ. ಪೆಟ್ಟಿಗೆಯ ದೋಷವಿರಬೇಕೆಂದು ಶೇವಂತಿ ರೀಲನ್ನು ಸರಿಪಡಿಸಿ ಮತ್ತೆ ನೋಡಿದಳು. ದೋಷವಲ್ಲ. ಕ್ಯಾಮರಾ ಹಿಡಿದ ಕೈ ಎದೆಗೆ ಆತುಕೊಂಡಿತ್ತು. ಎದೆ ಉಸಿರಾಡುತ್ತಿತ್ತು.

ಅವಳ ಕೈ ನಿಂತಿತು. ಚಿತ್ರವೂ ನಿಂತಿತು. ತಿರುಗಿಸಿದಳು, ಉಸಿರು ಬಂತು. ಬೇಗ ತಿರುಗಿಸಿದರೆ ಮೆಟ್ಟಿಲು ಹತ್ತಿ ಬಂದವನ ಉಸಿರು, ನಿಧಾನ ತಿರುಗಿಸಿದರೆ ಮಲಗಿದವನದು. ಬುದ್ಧನ ಮೂರ್ತಿಯೂ ಬೀಗರೂ ಸಾಹೇಬರೂ ಮಂಟಪವೂ ಒಬ್ಬ ಮನುಷ್ಯನ ಎದೆಯ ಜೊತೆ ಏಳುತ್ತಿದ್ದವು, ಇಳಿಯುತ್ತಿದ್ದವು, ಅದು ಅವರಾರಿಗೂ ಗೊತ್ತಿಲ್ಲ. ಬಹಳ ಹೊತ್ತು ಅವಳು ಆ ಒಂದೇ ತುಣುಕನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ಕುಳಿತಳು. ಅಳು ಆಗಲೂ ಬರಲಿಲ್ಲ. ಬಂದದ್ದು ಬೆರಗು.

ಕೆಲಸ ದಿನಗಟ್ಟಲೆ ನಡೆಯಿತು. ಒಂದೊಂದೇ ತುಣುಕನ್ನು ಕತ್ತರಿಸಿ ಹಗ್ಗಕ್ಕೆ ಸಿಕ್ಕಿಸಿದಳು. ಕೆಳತುದಿಗಳು ಧೋತರದ ಬುಟ್ಟಿಯಲ್ಲಿ ಸುರುಳಿಸುತ್ತಿಕೊಂಡವು. "ನೋಡಾವ್ರು ಸಾಕು ಅನ್ನೂದ್ರಾಗ ಕತ್ತರಿಸಬೇಕು," ಎಂದು ಅರ್ಜುನಪ್ಪ ಹೇಳುತ್ತಿದ್ದ. ಅವನು ತೆಗೆಯುವುದೂ ಹಾಗೆಯೇ, ಒಗ್ಗರಣೆಯ ಸಾಸಿವೆ ಸಿಡಿದು ಮುಗಿಯುವಷ್ಟು ಹೊತ್ತು, ಅಷ್ಟೆ. ಎರಡು ತುಣುಕುಗಳನ್ನು ಒಂದರ ಮುಂದೊಂದು ಹಿಡಿದಾಗ ಆಗುವುದನ್ನು ಅವಳು ಹಿಂದೆ ಅವನ ಮಗ್ಗುಲಲ್ಲಿ ಕುಳಿತು ನೋಡಿದ್ದಳು, ತಾನೇ ಮಾಡಿರಲಿಲ್ಲ. ಉಡಚವ್ವ ಅಡಿಗೆಯವರನ್ನು ಬೈಯುವ ತುಣುಕಿನ ಮುಂದೆ ಸಾಹೇಬರು ಗಡಬಡಿಸಿ ಏಳುವ ತುಣುಕು ಇಟ್ಟರೆ, ಅವಳು ಬೈದದ್ದು ಸಾಹೇಬರಿಗೇ. ಅದರ ಮುಂದೆಯೇ ಮದುಮಗಳು ತಲೆ ತಗ್ಗಿಸುವ ತುಣುಕು ಇಟ್ಟರೆ ಮಗಳನ್ನು ಕಳಿಸಿಕೊಡುವ ತಾಯಿಯ ಸಂಕಟ. ಉಡಚವ್ವ ಉಡಚವ್ವನೇ, ಬಾಯಿಯೂ ಅದೇ. ಎಂಥ ಹೆದರಿಕೆಯ ಕೆಲಸವಿದು ಎನಿಸಿತು.

ಕೊನೆಯ ರೀಲಿನಲ್ಲಿ ಆ ತುಣುಕು ಸಿಕ್ಕಿತು.

ಮಂಟಪದ ಹೊರಗೇಟು. ಮಾವಿನ ತೋರಣ, ಪಂಚಶೀಲದ ಸಣ್ಣ ಧ್ವಜಗಳು. ಹೊರಗೆ ರುಮಾಲು ಸುತ್ತಿದ ಒಬ್ಬ ಎತ್ತರದ ಮನುಷ್ಯ. ಕಪ್ಪು ಬಿಳುಪಿನಲ್ಲಿ ಭಂಡಾರಕ್ಕೆ ಹಳದಿಯಿಲ್ಲ. ಹಣೆಯ ತುಂಬ ಬೆಳ್ಳಗೆ ಹೊಳೆಯುವ ಪಟ್ಟೆ. ಮಾಸ್ತರದೇ ಮೂಗು, ಮಾಸ್ತರದೇ ಗದ್ದ. ಅವನು ಧ್ವಜಗಳನ್ನು ನೋಡುತ್ತಾನೆ. ಒಳಗೆ ನೋಡುತ್ತಾನೆ. ಆಮೇಲೆ ರುಮಾಲಿನ ಸೆರಗು ಹಿಡಿದು ಹಣೆ ಒರಸಿಕೊಳ್ಳುತ್ತಾನೆ. ಬಟ್ಟೆ ನೋಡಿಕೊಂಡು ಇನ್ನೊಮ್ಮೆ, ಗಟ್ಟಿಯಾಗಿ, ಒರಸಿಕೊಳ್ಳುತ್ತಾನೆ. ಹಣೆ ಬರಿದಾಗುತ್ತದೆ. ಚಪ್ಪಲಿ ಕಳಚಿ ಸಾಲಿನಲ್ಲಿ ಇಡುತ್ತಾನೆ. ಒಂದು ಕಾಲು ಒಳಗೆ.

ಅಲ್ಲಿಂದ ಕ್ಯಾಮರಾ ನಿಲ್ಲದೆ ಒಮ್ಮೆಲೇ ಮಂಟಪದ ಕಡೆ ತಿರುಗುತ್ತದೆ. ಕುರ್ಚಿಗಳು, ಹೆಂಗಸರು, ಕಂಬ ಎಲ್ಲ ಅಳಿಸಿದ ಹಾಗೆ ಹಾದುಹೋಗಿ, ಹನುಮಪ್ಪ ಮಾಸ್ತರು. ಗೇಟಿನ ಕಡೆಗೇ ನೋಡುತ್ತಿದ್ದಾರೆ. ಮುಖ ಬಿಗಿಯುತ್ತದೆ. ಪಕ್ಕದಲ್ಲಿ ಸಾಹೇಬರ ಜೀಪಿನ ಮೂತಿ ಕಾಣಿಸುತ್ತದೆ. ಮಾಸ್ತರು ಅತ್ತ ತಿರುಗಿ, ಗೇಟಿಗೆ ಪೂರಾ ಬೆನ್ನು ಹಾಕಿ, ಕೈಮುಗಿದು ಸಾಹೇಬರ ಕಡೆ ನಡೆಯುತ್ತಾರೆ. ಬಿಳಿ ಅಂಗಿಯ ಬೆನ್ನು ಚಿತ್ರವನ್ನೆಲ್ಲ ತುಂಬುತ್ತದೆ. ಕ್ಯಾಮರಾ ಮತ್ತೆ ಗೇಟಿಗೆ ಬರುತ್ತದೆ. ಗೇಟಿನಲ್ಲಿ ಯಾರೂ ಇಲ್ಲ. ಸಾಲಿನಲ್ಲಿ ಚಪ್ಪಲಿ ಇಟ್ಟಿದ್ದ ಜಾಗ ಖಾಲಿ.

ಮತ್ತೆ ಯಾರೂ ಬರುವುದಿಲ್ಲ. ಆದರೂ ಚಿತ್ರ ಅಲ್ಲೇ ನಿಂತಿದೆ, ಏಳುತ್ತ, ಇಳಿಯುತ್ತ, ಕ್ಯಾಮರಾದ ಚಾವಿ ತಾನಾಗಿ ಮುಗಿಯುವವರೆಗೂ. ಚಾವಿ ಮುಗಿಯುವ ತನಕ ಅರ್ಜುನಪ್ಪ ಎಂದೂ ಏನನ್ನೂ ತೆಗೆದವನಲ್ಲ. ಇಲ್ಲಿ ಮಾತ್ರ ಗುಂಡಿಯಿಂದ ಬೆರಳು ಎತ್ತಿರಲಿಲ್ಲ. ಅವನು ಕಾದಿದ್ದ.

ನೂರಾರು ಜನರಿದ್ದ ಮಂಟಪದಲ್ಲಿ ಯಾರೂ ಕಾಣದ್ದನ್ನು ಒಬ್ಬ ಕಂಡಿದ್ದ. ಹೇಳುವ ಮೊದಲು ಹೋಗಿಬಿಟ್ಟಿದ್ದ. ಈಗ ಕಂಡವಳು ಅವಳೊಬ್ಬಳೇ. ಶೇವಂತಿ ಆ ತುಣುಕನ್ನು ಉಳಿದವುಗಳಿಂದ ದೂರ, ಹಗ್ಗದ ತುದಿಗೆ ಸಿಕ್ಕಿಸಿದಳು.

ಮೊದಲ ಜೋಡಣೆ ಮುಗಿದ ಮೇಲೆ, ಅಂಟು ಪಕ್ಕಾ ಮಾಡುವ ಮುಂಚೆ, ಗಿರಾಕಿಯನ್ನು ಕರೆದು ತೋರಿಸಬೇಕು. ಮಾಸ್ತರು, ಉಡಚವ್ವ ಇಬ್ಬರೂ ಬಂದರು. ವೀಳ್ಯದೆಲೆಯಗಲದ ಗಾಜಿಗೆ ಇಬ್ಬರೂ ಮುಖವೊಡ್ಡಿ ತಲೆಗೆ ತಲೆ ಬಡಿಸಿಕೊಂಡರು.

"ಸ್ವಲ್ಪ ಸರೀ ಆಕಡೆ."

"ನೀವ ಸರೀರಿ. ನಿಮ್ಮ ತಲಿ ನೆಳ್ಳ ಬೀಳತೈತಿ."

"ನಮ್ಮ ಬೀಗರ ಮಾರಿ ಎಲ್ಲಿ? ಬರೇ ಹೊಟ್ಟಿ ಬಂದೈತಲ್ಲ ತಂಗಿ?" ಎಂದರು ಮಾಸ್ತರು.

"ಹೊಟ್ಟಿನ ಅವರ ಗುರತು. ಬಿಡ್ರಿ ತಗೀಬ್ಯಾಡ್ರಿ," ಎಂದಳು ಉಡಚವ್ವ.

ಸಾಹೇಬರನ್ನು ಇನ್ನೂ ಸ್ವಲ್ಪ ಉದ್ದ ಮಾಡಬೇಕು. ಬಿಜಾಪುರದ ಮಾವ ಹಲ್ಲು ಕೆದಕುವುದು ಬೇಡ. ಅಡಿಗೆಯವರನ್ನು ಬೈಯುವುದಂತೂ ಬೇಡವೇ ಬೇಡ. ಬರೀ ಕೈ, ಬರೀ ಕಾಲು ಕಾಣುವ ತುಣುಕುಗಳು ಅಪಶಕುನ, ಪೂರಾ ಮನುಷ್ಯ ಬರಲಿ. ಒಂದೊಂದಕ್ಕೂ ಶೇವಂತಿ ಹೂಂ ಎನ್ನುತ್ತ ಆ ಜಾಗಕ್ಕೆ ದಾರ ಕಟ್ಟುತ್ತ ಹೋದಳು. ಕೊನೆಯ ತುಣುಕು ಓಡಿ ಮುಗಿಯಿತು.

"ಛಲೋ ಮಾಡೀರಿ," ಎಂದರು ಮಾಸ್ತರು. "ಅರ್ಜುನಪ್ಪನ ಕೈ ಹಂಗ ಐತಿ."

"ಇನ್ನೊಂದೈತ್ರಿ ಮಾಸ್ತರ್ರ. ತಗದದ್ದನ್ನ ಗಿರಾಕಿಗೆ ತೋರಿಸಿ ಕೊಡೂದು ಅವರ ಪದ್ಧತಿ. ದರ್ಜಿ ಉಳದ ಅರಿವಿ ತುಣುಕು ಹೊಳ್ಳಿ ಕೊಡತಾನಲ್ಲ, ಹಂಗ."

"ಅದನ್ನ ತೊಗೊಂಡು ನಾ ಏನ ಮಾಡ್ಲಿ? ಒಗೀರಿ."

"ಒಗೀಬೇಕಂದ್ರೂ ನೋಡಿ ಒಗೀಬೇಕು. ನೀವು ತಗೀ ಅಂದಿದ್ರಿ, ತಗದೇನಿ. ಮಾತಿಗೆ ತಪ್ಪಿಲ್ಲ." ಹಗ್ಗದ ತುದಿಯಿಂದ ಆ ತುಣುಕನ್ನು ಇಳಿಸಿ ಪೆಟ್ಟಿಗೆಗೆ ಹಾಕಿದಳು. "ನೀವ ತಿರಗಸ್ರಿ."

ಮಾಸ್ತರು ಒಲ್ಲದ ಮನಸ್ಸಿನಿಂದ ಹಿಡಿಕೆ ಹಿಡಿದರು. ಅಣ್ಣ ಕಂಡ ಕೂಡಲೇ "ನೋಡ್ರಿ, ಹೇಳ್ಲಿಲ್ಲಾ? ಹಣಿ ನೋಡ್ರಿ," ಎಂದರು. ಹಿಡಿಕೆ ಮಾತ್ರ ತಿರುಗುತ್ತಿತ್ತು. ರುಮಾಲಿನ ಸೆರಗು, ಬರಿದಾದ ಹಣೆ, ಚಪ್ಪಲಿ, ಒಳಗಿಟ್ಟ ಕಾಲು. ಆಮೇಲೆ ಅವರ ಮುಖ, ಅವರ ಬೆನ್ನು. ಖಾಲಿ ಗೇಟು.

ಅವರು ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದರು. ಬೆನ್ನು ಮುಖವಾಯಿತು. ಇಲ್ಲದ ಅಣ್ಣ ಗೇಟಿಗೆ ಬಂದ, ಕಾಲು ಹಿಂದೆ ತೆಗೆದ, ಚಪ್ಪಲಿ ಮೆಟ್ಟಿದ. ರುಮಾಲಿನ ಸೆರಗು ಬಂದು ಅವನ ಹಣೆಗೆ ಭಂಡಾರ ಬಳಿಯಿತು. ಮಾಸ್ತರು ಮುಂದಕ್ಕೆ ತಿರುಗಿಸಿದರು. ಅಣ್ಣ ಒರಸಿಕೊಂಡ. ಮತ್ತೆ ಹಿಂದಕ್ಕೆ. ಮೂಗಿನ ತುದಿ ಗಾಜಿಗೆ ತಾಗುವಷ್ಟು ಬಗ್ಗಿದ್ದರು. ಆ ಎಲೆಯಷ್ಟಗಲದ ಬೆಳಕು ಅವರ ಮುಖದ ಮೇಲೆ ಅಲುಗುತ್ತಿತ್ತು.

"ನಾ ಹಣಿ ನೋಡಿದ್ದೆ," ಎಂದರು ಕೊನೆಗೆ. "ಒರಸಿಕೊಂಡದ್ದು ನೋಡಿಲ್ಲ."

ಉಡಚವ್ವ ಬಾಯಿಗೆ ಸೆರಗು ಹಿಡಿದಿದ್ದಳು. ಅದನ್ನು ಸರಿಸಿ ಮೆತ್ತಗೆ ಅಂದಳು: "ತಂ‌ಗೀ, ಕಾಲು ಒಳಗಿಡತಾರಲ್ಲ ಭಾವಾರು, ಅಲ್ಲಿತನಕಷ್ಟ ಹಾಕಾಕ ಬರತೈತೇನು? ಅಷ್ಟ ನೋಡಿದ್ರ ಅತ್ತಿ ಜೀವಾ ತಂಪಾಕ್ಕೈತಿ."

ಬರುತ್ತಿತ್ತು. ಶೇವಂತಿ ಆಗಲೇ ಹಿಡಿದು ನೋಡಿದ್ದಳು. ಒಳಗಿಟ್ಟ ಕಾಲಿನ ಮುಂದೆ ಊಟದ ಸಾಲನ್ನು ಇಟ್ಟರೆ ಮೈಲಾರಪ್ಪ ಬಂದ, ಕುಳಿತ, ಉಂಡ. ಒಂದು ಹನಿ ಅಂಟಿನಲ್ಲಿ ಮುರಿದ ಮನೆ ಕೂಡಿಬಿಡುತ್ತಿತ್ತು. ಅಂಥ ಕೆಲಸ ತನ್ನ ಬೆರಳ ತುದಿಯಲ್ಲಿದೆಯೆಂದು ತಿಳಿದಾಗ ಆ ತುಣುಕನ್ನು ಮತ್ತೆ ಹಗ್ಗದ ತುದಿಗೇ ಸಿಕ್ಕಿಸಿದ್ದಳು.

"ಬರತೈತ್ರಿ," ಎಂದಳು. "ಅಣ್ಣಾರು ಒಳಗ ಬಂದಂಗ ಕಾಣತೈತಿ. ಯಾರಿಗೂ ತಿಳಿಯೂದಿಲ್ಲ. ಹೇಳ್ರಿ, ಹಂಗ ಮಾಡತೇನಿ. ರೀಲು ನಿಮ್ಮದು."

ಮಾಸ್ತರು ಎದ್ದು ಕಿಟಕಿಯ ಹತ್ತಿರ ಹೋದರು. ಕಂಬಳಿ ಹೊಡೆದ ಕಿಟಕಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆದರೂ ನೋಡುತ್ತ ನಿಂತರು. ಹೊರಗೆ ಈರವ್ವ ಕಾಳು ಕೇರುವ ಸಪ್ಪಳ ಕೇಳುತ್ತಿತ್ತು.

"ಬ್ಯಾಡ," ಎಂದರು. "ಪೂರಾ ಹಾಕ್ರಿ. ನನ್ನ ಬೆನ್ನೂ ಬರ್ಲಿ."

"ಭಾಳ ಉದ್ದಾಕ್ಕೈತ್ರಿ. ಕಡೀಕ ಬರೇ ಖಾಲಿ ಗೇಟ ಐತಿ. ಅದನ್ನರ..." ಎಂದಳು ಶೇವಂತಿ.

"ಅದೂ ಇರ್ಲಿ."

ರೀಲು ತಯಾರಾದ ದಿನ ಯಾಕೂಬಸಾಬರು ಪ್ರೊಜೆಕ್ಟರನ್ನು ಟಾಂಗಾದಲ್ಲಿ ಹಾಕಿಕೊಂಡು ಮಾಸ್ತರ ಮನೆಗೆ ಬಂದರು. ಸಂಜೆ, ಆಗಷ್ಟೇ ದೀಪ ಹಚ್ಚುವ ಹೊತ್ತು. ಗೋಡೆಗೆ ಒಗೆದ ಧೋತರ ಕಟ್ಟಿದರು. ಅಕ್ಕವ್ವನನ್ನು ಮಂಚಸಮೇತ ನಡುಮನೆಗೆ ತಂದಿಟ್ಟರು. ಶೇವಂತಿ ಪ್ರೊಜೆಕ್ಟರಿನ ಪಕ್ಕದಲ್ಲಿ ನಿಂತಳು. ಪ್ರತಿಯೊಂದು ಜೋಡಣೆಯೂ ಹಾದುಹೋಗುವಾಗ ಕಟ್ ಎನ್ನುತ್ತಿತ್ತು, ಪ್ರತಿ ಸಲವೂ ಅವಳ ಉಸಿರು ಹಿಡಿಯುತ್ತಿತ್ತು. ಯಾವುದೂ ಬಿಡಲಿಲ್ಲ.

ಬೀಗರ ಹೊಟ್ಟೆ ಬಂತು, ನಕ್ಕರು. ಸಾಹೇಬರು ಬಂದರು, ಸುಮ್ಮನಾದರು. ಮೊಮ್ಮಗಳು ಬಂದಾಗ ಅಕ್ಕವ್ವ ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಕೆ ಮುರಿದಳು. ವೀಳ್ಯದೆಲೆಯಷ್ಟಿದ್ದ ಚಿತ್ರ ಇಲ್ಲಿ ಗೋಡೆಯಷ್ಟು. ಅದರ ಏಳುವಿಕೆ ಇಳಿಯುವಿಕೆಯೂ ಗೋಡೆಯಷ್ಟು. ಇಡೀ ಮನೆಗೇ ಎದೆಯೊಂದು ಬಂದ ಹಾಗಿತ್ತು. ಯಾರಿಗೂ ಅದು ತಿಳಿಯಲಿಲ್ಲ. ಅವರು ಮದುವೆ ನೋಡುತ್ತಿದ್ದರು.

ಗೇಟು ಬಂತು. ಮೈಲಾರಪ್ಪ ಆಳೆತ್ತರವಾಗಿ ಗೋಡೆಯ ಮೇಲೆ ನಿಂತ.

ಅಕ್ಕವ್ವ ತಲೆಯೆತ್ತಿದಳು. ಸೊಂಟ ಮುರಿದವಳಿಗೆ ಆ ಬಲ ಎಲ್ಲಿಂದ ಬಂತೋ, ಮೊಣಕೈ ಊರಿ ಎದ್ದಳು. "ಹಣಿ ಒರಸಿಕೊಂಡ," ಎಂದಳು. "ನೋಡ್ರಿ, ತಮ್ಮನ ಸಲುವಾಗಿ ಹಣಿ ಒರಸಿಕೊಂಡ." ಅವನು ಕಾಲು ಒಳಗಿಡುವಾಗ ಮುದುಕಿಯ ಕೈ ಮುಂದೆ ಚಾಚಿತು. "ಬಾರಪ್ಪಾ, ಒಳಗ ಬಾ."

ಗೋಡೆಯ ತುಂಬ ಬಿಳಿ ಬೆನ್ನು ಬಂತು. ಆಮೇಲೆ ಗೇಟು. ಖಾಲಿ ಗೇಟು, ಏಳುತ್ತ, ಇಳಿಯುತ್ತ. ಯಾರೂ ಕಣ್ಣು ತೆಗೆಯಲಿಲ್ಲ. ಅವನು ಇನ್ನೊಮ್ಮೆ ಬಂದಾನೆಂದು ನೆರೆದವರೆಲ್ಲರೂ ಕಾಯುತ್ತಿದ್ದರು. ಮದುವೆಯ ದಿನ ಅಲ್ಲಿ ನಿಂತು ಕಾದಿದ್ದವನ ಜೊತೆಗೇ, ಅವನ ಉಸಿರಿಗೆ ಉಸಿರು ಕೂಡಿಸಿ ಕಾಯುತ್ತಿದ್ದರು. ಶೇವಂತಿ ಗೋಡೆ ಬಿಟ್ಟು ಅವರ ಮುಖಗಳನ್ನೇ ನೋಡಿದಳು. ಸಾಕು ಅನ್ನುವ ಮೊದಲೇ ಕತ್ತರಿಸಬೇಕೆಂದು ಹೇಳುತ್ತಿದ್ದವನು ಇದೊಂದನ್ನು ಯಾಕೆ ಅಷ್ಟುದ್ದ ಬಿಟ್ಟನೆಂದು ಅವಳಿಗೆ ಕಂಡಿತು.

ದೀಪ ಹಾಕಿದರು. ಅಕ್ಕವ್ವ ಮಗನನ್ನು ಕರೆದಳು.

"ಹನುಮ್ಯಾ."

"ಯವ್ವಾ."

"ನಿನ್ನ ಬೆನ್ನ ಭಾಳ ಅಗಲ ಆಗೈತಿ."

ಮಾಸ್ತರು ಗೂಟದ ಮೇಲಿನ ಕೋಟು ತೆಗೆದು ತೊಟ್ಟುಕೊಂಡರು, ಟೊಪ್ಪಿಗೆ ಇಟ್ಟುಕೊಂಡರು.

"ಈ ಹೊತ್ತಿನ್ಯಾಗ ಎಲ್ಲಿಗಿ?" ಎಂದಳು ಉಡಚವ್ವ.

"ನವಲಗುಂದದ ಬಸ್ಸು ಐತಿನ್ನೂ."

"ಊಟಾ ಮಾಡಿ ಮುಂಜಾನೆ ಹೋದ್ರಾತಲ್ಲ?"

"ಹೋಗ್ಲಿ ಬಿಡ," ಎಂದಳು ಅಕ್ಕವ್ವ. "ಅಲ್ಲೇ ಉಣ್ಣತಾನ. ಉಣ್ಣಾಕ ಕೊಟ್ರ." ಪ್ರೊಜೆಕ್ಟರಿನ ಕಡೆ ತಿರುಗಿದಳು. "ಯಾಕೂಬಸಾಬರ, ಇನ್ನೊಮ್ಮೆ ತಿರಗಸ್ರಿ. ಗೇಟಿನದಷ್ಟ."

ರೀಲೂ, ತೆಗೆದ ತುಣುಕುಗಳ ಸುರುಳಿಯೂ ಎಲ್ಲ ಆ ಮನೆಯಲ್ಲೇ ಉಳಿದವು. ತ್ರಿಶರಣದ ತುಣುಕಿನಿಂದ ನಾಲ್ಕು ಬೆರಳಷ್ಟು ತನಗೆಂದು ಕತ್ತರಿಸಿಕೊಳ್ಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಾಲ್ಕು ಬೆರಳಷ್ಟರಲ್ಲಿ ಒಂದು ಉಸಿರೂ ಪೂರ್ತಿಯಾಗುವುದಿಲ್ಲ. ಶೇವಂತಿ ಕತ್ತರಿಸಿಕೊಂಡಿರಲಿಲ್ಲ.

ಮರುದಿನ ಮುಂಜಾನೆ ಅವಳು ಜೋಡಿಸುವ ಯಂತ್ರವನ್ನು ಒಂದು ಹಳೆಯ ಪಂಜಿ ಬಟ್ಟೆಯಲ್ಲಿ ಸುತ್ತಿ ಹಳೇ ಹುಬ್ಬಳ್ಳಿಗೆ ಹೋದಳು. ಓಣಿ ಆಗಷ್ಟೇ ಎದ್ದಿತ್ತು. ಯಾಕೂಬಸಾಬರು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಹರಿದ ಫಿಲ್ಮೊಂದನ್ನು ಕತ್ತರಿಯಿಂದ ಕತ್ತರಿಸಿ ಕೈಯಲ್ಲೇ ಅಂಟಿಸುತ್ತಿದ್ದರು. ಅವಳನ್ನು ಕಂಡು ಎದ್ದು, ಸ್ಟೂಲು ಒರಸಿ ಸರಿಸಿದರು.

"ಇದನ್ನ ಕೊಡಾಕ ಬಂದೇನಿ ಕಾಕಾ."

"ನಾ ಕೇಳೇನೇನು ಬೇಟಿ? ಇಟಗೋರಿ. ಮಾಸ್ತರ ಮನ್ಯಾಗ ನಿನ್ನೆ ನೋಡಿದವರು ಇಬ್ಬರು ನಿಮ್ಮ ಮನಿ ಎಲ್ಲೈತಿ ಅಂತ ನನ್ನ ಕೇಳ್ಯಾರ. ಕೆಲಸಾ ಬರತಾವ."

"ಬರ್ಲಿ. ನಂದೊಂದು ನಾ ತರಸತೇನಿ. ಇದು ಅವರು ಎರವಲ ತಂದದ್ದು. ಅವರದು ಕೊಟ್ಟು ಮುಗಸತೇನಿ."

ಯಾಕೂಬಸಾಬರು ಎರಡೂ ಕೈ ಒಡ್ಡಿ ತೆಗೆದುಕೊಂಡರು. ಪಂಜಿ ಬಿಚ್ಚಿ, ಮಡಚಿ ಅವಳಿಗೆ ಕೊಟ್ಟರು. ಮುಚ್ಚಳ ಎತ್ತಿ ಅಲಗು ನೋಡಿದರು, ಬೆರಳಿನಿಂದ ಒತ್ತಿ ನೋಡಿದರು. ಅಲಗಿನ ಕೆಳಗೆ ಕೆರೆದ ಫಿಲ್ಮಿನ ಕಪ್ಪು ಪುಡಿ ಕೂತಿತ್ತು. ಇಷ್ಟು ದಿನ ಅರ್ಜುನಪ್ಪ ಕೆರೆದದ್ದು, ಅದರ ಮೇಲೆ ಅವಳು ಕೆರೆದದ್ದು. ಅವರು ಓಣಿಯ ಕಡೆ ತಿರುಗಿ ಅದನ್ನು ಒಮ್ಮೆ ಊದಿ, ಯಂತ್ರವನ್ನು ಗೂಡಿನಲ್ಲಿಟ್ಟರು.